ಹೊರಗಡೆ ಚಿಲಕವಿದ್ದ ಬಾಗಿಲು

ಗಾಳಿ ಶಕೆ ನೂರಾ ಹನ್ನೊಂದು, ಮೌನಮಾಸದ ಮೂವತ್ತಾರನೆಯ ದಿನ
ಮೂರನೆಯ ಓಣಿಯ ಒಲೆಮನೆ, ಕಪ್ಪತಗುಡ್ಡದ ಮಗ್ಗುಲು

ನನ್ನ ಮುತ್ತಜ್ಜಿಯ ಮುತ್ತಜ್ಜಿಗೂ ಹಿಂದಿನ ಅವ್ವನಿಗೆ ಸಂಕವ್ವ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಇವಳಿಗೆ ತಲೆ ನೆಟ್ಟಗಿದೆಯೇ ಎಂದು ನಿನಗೆ ಅನ್ನಿಸಿದರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ನಿಮ್ಮ ಕಾಲದ ಯಾವ ತಿಂಗಳಿಗೂ ಮೂವತ್ತಾರನೆಯ ದಿನ ಇರಲಿಲ್ಲ ಎಂದು ಓದಿ ಬಲ್ಲೆ. ನಮಗೆ ಒಂದು ತಿಂಗಳು ಹೆಚ್ಚಿಗೆ ಇದೆ. ಗುಡ್ಡದ ಮೇಲೆ ಗಾಳಿ ಬಿದ್ದು ಗಾಳಿಕಂಬಗಳ ರೆಕ್ಕೆಗಳೆಲ್ಲ ನಿಂತ ದಿನ ಅದು ಶುರುವಾಗುತ್ತದೆ, ಮತ್ತೆ ಗಾಳಿ ಎದ್ದ ದಿನ ಮುಗಿಯುತ್ತದೆ. ಅಷ್ಟು ಹೊತ್ತಿಗೆ ಎಷ್ಟು ದಿನ ಆಗಿರುತ್ತದೋ ಅಷ್ಟೇ ಆ ತಿಂಗಳು. ರೆಕ್ಕೆಗಳ ಸದ್ದಿಲ್ಲದ ಕಾರಣ ಅದಕ್ಕೆ ಮೌನಮಾಸ ಎಂದು ಹೆಸರು, ಆದರೆ ಕೆಲಸವಿಲ್ಲದೆ ಊರೆಲ್ಲ ಕೂತು ಮಾತಾಡುವುದರಿಂದ ವರ್ಷದಲ್ಲಿ ಇಷ್ಟು ಗದ್ದಲದ ತಿಂಗಳು ಇನ್ನೊಂದಿಲ್ಲ. ಈ ತಿಂಗಳಲ್ಲಿ ನಾವು ಹಿಂಬರಹ ಬರೆಯುತ್ತೇವೆ, ಅಂದರೆ ಹಿಂದೆ ಬದುಕಿ ಹೋದವರಿಗೆ ಕಾಗದ. ಬರೆದದ್ದನ್ನು ಗುಡ್ಡದ ಮೊದಲ ಕಂಬದ ಬುಡದಲ್ಲಿ ನಿಂತು ಗಟ್ಟಿಯಾಗಿ ಓದಿ ಅದರ ಪೊಟರೆಯೊಳಗೆ ಇಟ್ಟು ಬರುತ್ತೇವೆ. ತಲುಪುತ್ತದೋ ಇಲ್ಲವೋ ದೇವರೇ ಬಲ್ಲ. ನೆರೆಮನೆಯ ಹುಸೇನಬಿ ತೀರಿಕೊಂಡ ಗಂಡನಿಗೆ ಪ್ರತಿ ವರ್ಷ ಬರೆದು ಚೆನ್ನಾಗಿ ಬೈಯುತ್ತಾಳೆ. ಉತ್ತರ ಬರುವುದಿಲ್ಲವಾದ್ದರಿಂದ ತಲುಪಿದೆ ಎಂದೇ ಅವಳ ನಂಬಿಕೆ, ಏಕೆಂದರೆ ಬದುಕಿದ್ದಾಗಲೂ ಅವನು ಉತ್ತರ ಕೊಡುತ್ತಿರಲಿಲ್ಲ. ನನ್ನ ಕೆಲವು ಮಾತು ನಿನಗೆ ವಿಚಿತ್ರವಾಗಿ ಕಾಣಬಹುದು, ನಿಮ್ಮ ಕಾಲದ ಕೆಲವು ಮಾತನ್ನು ನಾನು ತಪ್ಪಾಗಿ ಬಳಸಬಹುದು. ಹೊಟ್ಟೆಗೆ ಹಾಕಿಕೋ.

ನಾನು ಒಲೆಮನೆಯವಳು. ನಮ್ಮಲ್ಲಿ ಮನೆಗೊಂದು ಒಲೆ ಇಲ್ಲ, ಓಣಿಗೊಂದು. ಗಾಳಿ ಕೊಟ್ಟಷ್ಟೇ ಉರಿ, ಹಾಗಾಗಿ ಹಂಚಿಕೊಂಡು ಬೇಯಿಸುತ್ತೇವೆ. ಜೋಳದ ರೊಟ್ಟಿ ಮಾತ್ರ ನಿನ್ನ ಕಾಲದಲ್ಲಿ ಇದ್ದಂತೆಯೇ ಇದೆ, ಕೈಯಲ್ಲೇ ಬಡಿಯುತ್ತೇವೆ. ನಡುವೆ ಯಾವಾಗಲೋ ಯಂತ್ರ ಬಡಿದ ರೊಟ್ಟಿ ಊರಿಗೆ ಬಂದಿತ್ತಂತೆ, ನಮ್ಮ ಹೆಂಗಸರು ನಕ್ಕ ನಗುವಿಗೆ ನಾಚಿ ವಾಪಸ್ ಹೋಯಿತಂತೆ. ಮೌನಮಾಸದಲ್ಲಿ ಬೆಳಿಗ್ಗೆ ಒಂದೇ ಹೊತ್ತು ಒಲೆ ಉರಿಯುತ್ತದೆ. ಆಗಲೇ ಇಡೀ ಓಣಿಯ ದಿನದ ರೊಟ್ಟಿ ಬಡಿದು ಒಂದು ದೊಡ್ಡ ಹಲಗೆಯ ಮೇಲೆ ಹರವಿ ಆರಿಸುತ್ತೇವೆ. ಆ ಹಲಗೆಯ ಸಲುವಾಗಿಯೇ ಈ ಕಾಗದ.

ಅದು ನಿನ್ನ ಮನೆಯ ಒಂದು ಕೋಣೆಯ ಬಾಗಿಲು, ಅವ್ವ. ಸಾಗವಾನಿಯದು, ನಿನ್ನ ಮನೆ ಬಿದ್ದು ಎಷ್ಟೋ ತಲೆಮಾರು ಕಳೆದರೂ ಬಾಗಿಲು ಗಟ್ಟಿಯಾಗಿದೆ. ಅದರ ಮೇಲೆ ಒಂದು ಕಬ್ಬಿಣದ ಚಿಲಕ ಇನ್ನೂ ಕೂತಿದೆ. ಯಾರೂ ಕೀಳಲಿಲ್ಲ, ಅದರ ಜಾಗ ಬಿಟ್ಟು ರೊಟ್ಟಿ ಹರವುವುದು ನಮಗೆ ರೂಢಿಯಾಗಿ ಹೋಗಿದೆ. ಆ ಚಿಲಕ ಬಾಗಿಲಿನ ಹೊರಮಗ್ಗುಲಲ್ಲಿದೆ. ಒಳಗಿದ್ದವರು ಹಾಕಿಕೊಳ್ಳುವುದಕ್ಕಲ್ಲ, ಒಳಗಿದ್ದವರ ಮೇಲೆ ಹಾಕುವುದಕ್ಕೆ ಬಡಿಸಿದ್ದು. ನಿನ್ನ ತಮ್ಮ ಕಳಕಪ್ಪನ ಕುಡಿತ ಬಿಡಿಸಬೇಕೆಂದು ನೀನು ಅವನನ್ನು ಆ ಕೋಣೆಯೊಳಗೆ ಹಾಕಿ ಚಿಲಕ ಎಳೆದೆ, ಅವನು ಜೀವಂತ ಹೊರಗೆ ಬರಲಿಲ್ಲ. ಇಷ್ಟು ನಮ್ಮ ಮನೆತನದ ಹೆಂಗಸರಿಗೆಲ್ಲ ಗೊತ್ತು. ಅವನ ಹೆಸರು ಉಳಿದಿದೆ, ನಿನ್ನ ಹೆಸರು ಉಳಿದಿಲ್ಲ. ನಾವು ನಿನ್ನನ್ನು ಚಿಲಕದವ್ವ ಎನ್ನುತ್ತೇವೆ. ಬೈಗುಳವಲ್ಲ, ಬೇರೆ ಹೆಸರು ಗೊತ್ತಿಲ್ಲದ್ದಕ್ಕೆ.

ಈ ಕಾಗದ ನಿನ್ನ ಕೈಗೆ ಯಾವ ಹೊತ್ತಿಗೆ ಬರುತ್ತದೋ ನನಗೆ ತಿಳಿಯದು. ಕಳಕಪ್ಪ ಈಗಲೇ ಒಳಗಿದ್ದರೆ ಮುಂದೆ ಓದಬೇಡ. ಮೊದಲು ಎದ್ದು ಬಾಗಿಲು ತೆಗೆ, ಡಾಕ್ಟರಿಗೆ ಹೇಳಿ ಕಳಿಸು, ಆಮೇಲೆ ಅವನ ಪಕ್ಕದಲ್ಲಿ ಕೂತು ಓದು. ಕಾಗದ ಎಲ್ಲಿಗೂ ಓಡಿ ಹೋಗುವುದಿಲ್ಲ.

ಇನ್ನೂ ಓದುತ್ತಿದ್ದೀಯಾದರೆ ಬಾಗಿಲು ತೆಗೆದಿದ್ದೀಯ ಎಂದೇ ತಿಳಿಯುತ್ತೇನೆ. ನನಗೂ ಒಬ್ಬ ತಮ್ಮನಿದ್ದಾನೆ. ಹೆಸರು ಅಂದಾನಿ. ಅವನ ಕಥೆ ಹೇಳದೆ ನಿನ್ನ ಬಾಗಿಲ ತನಕ ಬರುವುದು ನನ್ನಿಂದಾಗದು.

ಅಂದಾನಿ ಏರುಗಾರ. ಗಾಳಿಕಂಬದ ತುದಿಗೆ ಹಗ್ಗದ ಮೇಲೆ ಏರಿ ರೆಕ್ಕೆಯ ಬುಡಕ್ಕೆ ಎಣ್ಣೆ ಹಾಕುವುದು, ಸಡಿಲಾದದ್ದನ್ನು ಬಿಗಿ ಮಾಡುವುದು ಅವರ ಕೆಲಸ. ಪ್ರತಿ ಏರುಗಾರನಿಗೂ ಕೆಳಗೆ ಹಗ್ಗ ಹಿಡಿದು ನಿಲ್ಲುವ ಒಬ್ಬ ನೆಲದವ ಇರುತ್ತಾನೆ. ಏರುವುದಕ್ಕಿಂತ ಇಳಿಯುವುದೇ ಕಷ್ಟ. ಮೈ ದಣಿದಿರುತ್ತದೆ, ಕೆಲಸ ಮುಗಿಯಿತೆಂದು ಮನಸ್ಸು ಸಡಿಲಾಗಿರುತ್ತದೆ, ಬಿದ್ದವರೆಲ್ಲ ಬಹುಮಟ್ಟಿಗೆ ಇಳಿಯುವಾಗಲೇ ಬಿದ್ದದ್ದು. ಅದಕ್ಕೆ ಗುಡ್ಡದ ಮೇಲೆ ಒಂದು ಕಟ್ಟಳೆ ಇದೆ. ಮೇಲಿನವ "ಇಳಿಯಾಕತ್ತೇನಿ" ಎಂದು ಕೂಗಬೇಕು, ನೆಲದವ "ಹಿಡದೇನಿ, ಬಾ" ಎನ್ನಬೇಕು. ಎರಡೂ ಕಾಲು ನೆಲಕ್ಕೆ ತಾಕಿದವು ಎಂದು ನೆಲದವ ಹಗ್ಗ ಬಿಡುವ ಹಾಗಿಲ್ಲ. ಇಳಿದವ ತಾನೇ ಸೊಂಟದ ಪಟ್ಟಿ ಬಿಚ್ಚಿ "ಬಿಚ್ಚೇನಿ" ಎಂದು ತನ್ನ ಬಾಯಾರೆ ಹೇಳಬೇಕು. ಅವನ ಪರವಾಗಿ ಇನ್ನೊಬ್ಬರು ಹೇಳಿದರೆ ನಡೆಯುವುದಿಲ್ಲ. ಅಂದಾನಿಯ ಹಗ್ಗ ಹಿಡಿದವನು ನಮ್ಮ ಓಣಿಯ ಫಕೀರಪ್ಪ ಕಾಕಾ. ಅಂದಾನಿಗೆ ಮೀಸೆ ಚಿಗುರಿದಾಗಿನಿಂದ ಅವನ ನೆಲದವ.

ಹಗ್ಗದ ಮೇಲೆ ವರ್ಷಗಟ್ಟಲೆ ಜೋತಾಡಿದರೆ ಭುಜ ಸವೆಯುತ್ತದೆ, ಮಂಡಿ ಸವೆಯುತ್ತದೆ. ನೋವಿಗೆಂದು ಏರುಗಾರರಿಗೆ ತಂಪು ಎಂಬ ಮದ್ದು ಕೊಡುತ್ತಿದ್ದರು. ನಾಲಿಗೆಯ ಕೆಳಗೆ ಬಿಡುವ ಹನಿ, ನಿಮ್ಮ ಕಾಲದ ಅಫೀಮಿನ ದೂರದ ಮೊಮ್ಮಗ ಎಂದು ನಮ್ಮ ಡಾಕ್ಟರ್ ಇರಾವತಿ ಹೇಳುತ್ತಾರೆ. ಕೊಟ್ಟವರು ಹೇಗೆ ತೆಗೆದುಕೊಳ್ಳಬೇಕೆಂದು ಹೇಳಿದರು, ಹೇಗೆ ಬಿಡಬೇಕೆಂದು ಹೇಳಲಿಲ್ಲ. ಮೊದಮೊದಲು ಅಂದಾನಿಗೆ ಭುಜದ ನೋವು ಹೋಯಿತು. ಆಮೇಲೆ ನಮ್ಮವ್ವ ಸತ್ತ ದುಃಖವೂ ಹೋಯಿತು, ಸಂಜೆಯ ಬೇಸರವೂ ಹೋಯಿತು. ಎಲ್ಲವನ್ನೂ ಒಯ್ಯುವ ಮದ್ದು ಒಳ್ಳೆಯದನ್ನು ಬಿಟ್ಟು ಹೋಗುತ್ತದೆಯೇ? ಹಸಿವು ಹೋಯಿತು. ದಿನಗಟ್ಟಲೆ ಹೊಟ್ಟೆ ಕಟ್ಟಿ ನರಳುತ್ತಿದ್ದ. ಬಾಯಿ ಒಣಗಿ ಒಣಗಿ ಹಲ್ಲು ಹುಳುಕಾದವು. ಒಮ್ಮೆ ಕಾದ ಕಬ್ಬಿಣದ ಮೇಲೆ ಅಂಗೈ ಇಟ್ಟಿದ್ದಾನೆ, ಸುಟ್ಟ ವಾಸನೆ ಬರುವ ತನಕ ಅವನಿಗೆ ಗೊತ್ತಾಗಿಲ್ಲ. ಹೆಂಡತಿ ಮಾತಾಡಿಸಿದರೆ ಗೋಡೆಯನ್ನು ನೋಡಿದಂತೆ ಅವಳನ್ನು ನೋಡುತ್ತಿದ್ದ, ಅವಳು ತವರಿಗೆ ಹೋದಳು. ಕೊನೆಕೊನೆಗೆ ತಂಪು ಸುಖಕ್ಕೂ ಅಲ್ಲ, ನೋವಿಗೂ ಅಲ್ಲ. ತೆಗೆದುಕೊಳ್ಳದಿದ್ದರೆ ಆಗುವ ಸಂಕಟ ಆಗದಿರಲಿ ಎಂದಷ್ಟೇ. ಇದನ್ನು ಸೋಮಾರಿತನ, ಮಜಾ ಎನ್ನುವವರು ನಮ್ಮ ಕಾಲದಲ್ಲೂ ಇದ್ದಾರೆ. ಅವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಈಗ ನಮ್ಮ ಒಂದು ಪದ್ಧತಿ ಹೇಳುತ್ತೇನೆ, ನಿನಗೆ ಉಪಯೋಗವಾದೀತು. ಯಾರಾದರೂ ಚಟ ಬಿಡಲು ಹೊರಟರೆ ಅದನ್ನು ನಾವು ಇಳಿವು ಎನ್ನುತ್ತೇವೆ, ಕಂಬದಿಂದ ಇಳಿದಂತೆಯೇ ಎಣಿಸುತ್ತೇವೆ. ಇಳಿಯುವವರ ಮಂಚವನ್ನು ಮನೆಯ ಮುಂದಿನ ಕಟ್ಟೆಯ ಮೇಲೆ, ಓಡಾಡುವವರಿಗೆ ಕಾಣುವಂತೆ ಹಾಕುತ್ತೇವೆ. ಡಾಕ್ಟರು ಬಂದು ನೋಡಿ ಮದ್ದು ಹೇಳಿ ಹೋಗುತ್ತಾರೆ. ಓಣಿಯವರು ಪಾಳಿಯ ಮೇಲೆ ಬಂದು ಕೂರುತ್ತಾರೆ. ಇದಕ್ಕೆ ಕಟ್ಟೆಪಾಳಿ ಎಂದು ಹೆಸರು. ಬಂದವರು ತಮ್ಮ ತಮ್ಮ ಕೈಗೆಲಸ ತರಬೇಕು, ಅವರೆಕಾಯಿ ಸುಲಿಯುವುದೋ ಕೌದಿ ಹೊಲಿಯುವುದೋ ಏನಾದರೂ. ಕೈ ಖಾಲಿ ಇದ್ದರೆ ಬಾಯಿ ಸುಮ್ಮನಿರುವುದಿಲ್ಲ. ಬುದ್ಧಿ ಹೇಳುವ ಹಾಗಿಲ್ಲ, ನಾ ಮೊದಲೇ ಹೇಳಿರಲಿಲ್ಲವೇ ಎನ್ನುವ ಹಾಗಿಲ್ಲ. ಹುಸೇನಬಿಗೆ ಇದು ಉಪವಾಸಕ್ಕಿಂತ ಕಷ್ಟ. ಅವಳ ಪಾಳಿ ಮುಗಿಯುವ ಹೊತ್ತಿಗೆ ನುಂಗಿಕೊಂಡ ಮಾತಿನಿಂದಲೇ ಅವಳ ಹೊಟ್ಟೆ ತುಂಬಿರುತ್ತದೆ.

ಹೋದ ವರ್ಷದ ಮೌನಮಾಸದಲ್ಲಿ ಅಂದಾನಿ ತಾನಾಗಿಯೇ ಬಂದು "ಅಕ್ಕಾ, ಇಳೀತೇನಿ" ಎಂದ. ಮಂಚ ಹಾಕಿದೆವು. ಮೊದಲು ಬರೀ ಆಕಳಿಕೆ, ಕಣ್ಣು ಮೂಗಿನಲ್ಲಿ ನೀರು, ನೆಗಡಿ ಬಂದವರಂತೆ. ನೋಡಿದವರು ಇಷ್ಟೇನೇ ಅಂದುಕೊಂಡರು. ಆಮೇಲೆ ನಿಜವಾದದ್ದು ಬಂತು. ಮೈಯೆಲ್ಲ ಮುಳ್ಳೆದ್ದು ಗಡಗಡ ನಡುಗುತ್ತಿದ್ದ, ಮರುಗಳಿಗೆಗೆ ಬೆವರಿನಲ್ಲಿ ಹಾಸಿಗೆ ತೊಯ್ಯುತ್ತಿತ್ತು. ವಾಂತಿ, ಭೇದಿ, ಹೊಟ್ಟೆ ಹಿಂಡುವ ನೋವು. ಕಾಲುಗಳು ತಮ್ಮಷ್ಟಕ್ಕೆ ಒದೆಯುತ್ತಿದ್ದವು, ಮೂಳೆಯೊಳಗೆ ಇರುವೆ ಹರಿಯುತ್ತವೆ ಎನ್ನುತ್ತಿದ್ದ. ಇಷ್ಟು ವರ್ಷ ತಂಪು ಅಡಗಿಸಿಟ್ಟಿದ್ದ ಭುಜದ ನೋವೆಲ್ಲ ಒಟ್ಟಿಗೇ ಎದ್ದು ಬಂತು. ನಿದ್ದೆಯಂತೂ ಸುಳಿಯಲಿಲ್ಲ. ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸುವುದೇ ನಮಗೆ ಕೆಲಸ. ನೀರು ಇಂಗಿಹೋದರೆ ಅಪಾಯ, ಅದೊಂದನ್ನು ತಪ್ಪಿಸಬೇಡಿ ಎಂದು ಡಾಕ್ಟರ್ ಇರಾವತಿ ಹೇಳಿದ್ದರು.

ಇಳಿಯುವವರು ಬೈದರೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದೆಂಬ ಕಟ್ಟಳೆಯೂ ಇದೆ. ಅಂದಾನಿ ಅದನ್ನು ಪೂರ್ತಿ ಬಳಸಿಕೊಂಡ. ನನ್ನ ರೊಟ್ಟಿಯನ್ನು, ಫಕೀರಪ್ಪ ಕಾಕಾನ ಗೊರಕೆಯನ್ನು, ಹುಸೇನಬಿಯ ಏಳು ತಲೆಮಾರನ್ನು ಬಿಡಲಿಲ್ಲ. ಅವನು ಬೈದದ್ದರಲ್ಲಿ ಒಂದೆರಡು ಎಷ್ಟು ಚೆನ್ನಾಗಿದ್ದವೆಂದರೆ ಹುಸೇನಬಿ ಅವನ್ನು ಈ ವರ್ಷ ಗಂಡನ ಹಿಂಬರಹದಲ್ಲಿ ಸೇರಿಸಿದ್ದಾಳೆ. ಫಕೀರಪ್ಪ ಕಾಕಾ ತನ್ನ ಪಾಳಿಯಲ್ಲಿ ಹಗ್ಗ ಹೊಸೆಯುತ್ತ ಹೊಸೆಯುತ್ತ ಕೂತಲ್ಲೇ ನಿದ್ದೆ ಹೋಗುತ್ತಿದ್ದ. ನಡುಗುವ ಅಂದಾನಿಯೇ ಅವನನ್ನು ಅಲುಗಾಡಿಸಿ ಎಬ್ಬಿಸಿ "ಕಾಕಾ, ನಿನ್ನ ಚಹಾ ಆರಾಕತ್ತೈತಿ" ಎಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಳುವುದೋ ನಗುವುದೋ ತಿಳಿಯದೆ ಒಳಗೆ ಹೋಗಿ ಎರಡನ್ನೂ ಮಾಡಿದೆ.

ವಾಂತಿ ನಿಂತಿತು. ನಡುಕ ಹೋಯಿತು. ಒಂದು ಬೆಳಿಗ್ಗೆ ಅಂದಾನಿ ಅರ್ಧ ರೊಟ್ಟಿ ತಿಂದ. ಊರಿಗೆ ಊರೇ ಸಂತೋಷಪಟ್ಟಿತು. ಅಲ್ಲಿಯೇ ನಾವೆಲ್ಲ ಎಡವಿದ್ದು. ನಮ್ಮಲ್ಲಿ ಆಗ ನೆಲದೂಟ ಎಂಬ ಆಚರಣೆ ಇತ್ತು. ಇಳಿದವರ ಕಾಲು ನೆಲ ಮುಟ್ಟಿತು ಎಂದು ಓಣಿಗೆಲ್ಲ ಹೋಳಿಗೆ ಊಟ, ಇಳಿದವರ ಕೊರಳಿಗೆ ಹಾರ, ಅಲ್ಲಿಗೆ ಕಟ್ಟೆಪಾಳಿ ಮುಕ್ತಾಯ. ಹೋಳಿಗೆ ಚೆನ್ನಾಗಿಯೇ ಆಗಿತ್ತು. ಅಂದಾನಿ ಹಾರ ಹಾಕಿಕೊಂಡು ನಗುತ್ತ ಕೂತಿದ್ದ. ಇನ್ನೂ ನಿದ್ದೆ ಬರುತ್ತಿಲ್ಲ, ಎದೆಯೊಳಗೆ ಬರೀ ಬೂದಿ ತುಂಬಿದಂತಿದೆ, ಯಾವುದೂ ರುಚಿಸುತ್ತಿಲ್ಲ ಎಂದು ಅವನು ಹೇಳಲಿಲ್ಲ. ಅಷ್ಟೊಂದು ಜನ ಖುಷಿಯಾಗಿರುವಾಗ ಹೇಗೆ ಹೇಳಿಯಾನು? ಫಕೀರಪ್ಪ ಕಾಕಾ ಎದ್ದು ನಿಂತು, ಕಣ್ಣು ಒರೆಸಿಕೊಂಡು, "ನಮ್ಮ ಹುಡುಗ ಇಳದಾನ, ಬಿಚ್ಚಾನ" ಎಂದು ಓಣಿಗೆ ಕೇಳುವಂತೆ ಸಾರಿದ. ಗುಡ್ಡದ ಮೇಲೆ ಜನ್ಮದಲ್ಲೇ ಮಾಡದ ತಪ್ಪನ್ನು ಆ ದಿನ ಮಾಡಿದ. ಬಿಚ್ಚಿದೆ ಎಂದು ಅಂದಾನಿ ಹೇಳಿರಲಿಲ್ಲ, ಕಾಕಾ ಅವನ ಪರವಾಗಿ ಹೇಳಿದ. ನಾವು ಚಪ್ಪಾಳೆ ತಟ್ಟಿದೆವು.

ಮರುದಿನದಿಂದ ಯಾರೂ ಕಟ್ಟೆಗೆ ಬರಲಿಲ್ಲ. ಬರಬಾರದೆಂದಲ್ಲ, ಪಾಳಿ ಮುಗಿದಿತ್ತಲ್ಲ. ದಿನವಿಡೀ ಒಬ್ಬರಲ್ಲ ಒಬ್ಬರು ಇದ್ದ ಜಾಗದಲ್ಲಿ ಅವನೊಬ್ಬನೇ ಉಳಿದ. ಕೆಲವು ದಿನ ತಡೆದುಕೊಂಡ. ಆಮೇಲೆ ಒಂದು ಮಧ್ಯಾಹ್ನ ಅವನ ಉಪಕರಣದ ಚೀಲದ ತಳದಲ್ಲಿ ಹಳೆಯ ತಂಪಿನ ಶೀಶೆ ಸಿಕ್ಕಿತು. ಮೊದಲು ತೆಗೆದುಕೊಳ್ಳುತ್ತಿದ್ದಷ್ಟೇ ತೆಗೆದುಕೊಂಡ, ಒಂದು ಹನಿಯೂ ಹೆಚ್ಚಲ್ಲ. ಆದರೆ ಇಳಿವು ಆದ ಮೈಗೆ ಹಳೆಯ ಅಳತೆ ವಿಷ. ತಡೆದುಕೊಳ್ಳುವ ಶಕ್ತಿಯನ್ನು ಮೈ ಮರೆತಿತ್ತು, ಕೈ ಮಾತ್ರ ಅಳತೆ ಮರೆತಿರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ಹುಸೇನಬಿ ನೆಲದೂಟಕ್ಕೆ ಕೊಟ್ಟ ತನ್ನ ದೊಡ್ಡ ಪಾತೇಲಿ ಇನ್ನೂ ವಾಪಸ್ ಬಂದಿಲ್ಲ ಎಂದು ಗೊಣಗುತ್ತ ಬಂದವಳು ಅವನನ್ನು ನೋಡಿದಳು. ತುಟಿ ನೀಲಿಯಾಗಿತ್ತು. ಉಸಿರು ಎಲ್ಲೋ ಒಮ್ಮೆ, ಗೊರಕೆಯಂತೆ. ನಮ್ಮ ಪ್ರತಿ ಮನೆಯ ದೇವರಗೂಡಿನ ಪಕ್ಕ ಮರುಸಿರು ಎಂಬ ಸಣ್ಣ ಕೊಳವೆ ತೂಗುಹಾಕಿರುತ್ತದೆ. ಮೂಗಿನಲ್ಲಿ ಒತ್ತಿದರೆ ತಂಪಿನ ಹಿಡಿತ ಬಿಡಿಸಿ ಉಸಿರು ತರುವ ಮದ್ದು. ಅವಳು ಅದನ್ನು ಒತ್ತಿ, ಅವನನ್ನು ಮಗ್ಗುಲಿಗೆ ಹೊರಳಿಸಿ, ಓಣಿ ಒಡೆದು ಹೋಗುವಂತೆ ಕೂಗಿದಳು. ಅವಳ ಬಾಯಿಯ ಬಗ್ಗೆ ನಾನು ಈ ಕಾಗದದಲ್ಲಿ ಆಡಿದ್ದನ್ನೆಲ್ಲ ವಾಪಸ್ ತೆಗೆದುಕೊಳ್ಳುತ್ತೇನೆ. ಆ ಬಾಯಿಂದಲೇ ನನ್ನ ತಮ್ಮ ಉಳಿದ.

ಅವನು ಕಣ್ಣು ಬಿಟ್ಟ ಮೇಲೆ ಫಕೀರಪ್ಪ ಕಾಕಾ ಮಂಚದ ಕಾಲು ಹಿಡಿದುಕೊಂಡು ಅತ್ತ. "ಮ್ಯಾಲಿಂದ ಇಳಿಯೋವಾಗ ಎಂದೂ ಬಿಟ್ಟಾಂವಲ್ಲ, ನೆಲದ ಮ್ಯಾಲ ಬಿಟ್ನೆಪಾ" ಎಂದು ಹಣೆ ಹಣೆ ಬಡಿದುಕೊಂಡ. ಅಂದಾನಿ ಅವನ ತಲೆಯ ಮೇಲೆ ಕೈಯಿಟ್ಟ. ಡಾಕ್ಟರ್ ಇರಾವತಿ ಯಾರನ್ನೂ ಬೈಯಲಿಲ್ಲ. ನಡುಕ ನಿಲ್ಲುವುದು ಇಳಿವಿನ ಅರ್ಧ ದಾರಿಯೂ ಅಲ್ಲ, ನಿದ್ದೆ ಮರಳಲು, ಊಟ ರುಚಿಸಲು, ಬೆಳಗಾದರೆ ಏಳಬೇಕೆನಿಸಲು ತಿಂಗಳುಗಳು ಬೇಕು, ಆ ತಿಂಗಳುಗಳಲ್ಲೇ ಜನ ಸಾಯುವುದು ಎಂದು ಬಿಡಿಸಿ ಹೇಳಿದರು. ಮತ್ತೆ ಬಿದ್ದದ್ದು ಅವನ ಕೆಟ್ಟತನವಲ್ಲ, ಈ ಕಾಯಿಲೆಯ ಸ್ವಭಾವವೇ ಹಾಗೆ ಎಂದರು. ಓಣಿ ಕೂತು ಮಾತಾಡಿ ನೆಲದೂಟವನ್ನು ಬಿಟ್ಟುಬಿಟ್ಟಿತು. ಈಗ ನಮ್ಮಲ್ಲಿ ಯಾರ ಇಳಿವಿಗೂ ಹಾರವಿಲ್ಲ, ಮುಕ್ತಾಯವೂ ಇಲ್ಲ.

ಈ ಸಲ ಅವನನ್ನು ಮೆಟ್ಟಿಲುಮದ್ದಿನ ಮೇಲೆ ಇಟ್ಟಿದ್ದಾರೆ. ತಂಪಿನ ಜಾಗದಲ್ಲಿ ನಿಧಾನದ ಇನ್ನೊಂದು ಮದ್ದು, ಡಾಕ್ಟರ ಕಣ್ಣಳತೆಯಲ್ಲಿ, ಮೈ ಒಪ್ಪಿದರೆ ಒಂದೊಂದೇ ಮೆಟ್ಟಿಲು ಕೆಳಗೆ. ಒಪ್ಪದಿದ್ದರೆ ಇದ್ದ ಮೆಟ್ಟಿಲ ಮೇಲೆಯೇ ವರ್ಷಗಟ್ಟಲೆ ಇರಬಹುದು, ಬೇಕಾದರೆ ಬದುಕಿನುದ್ದಕ್ಕೂ. ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದರಲ್ಲ ಎಂದು ನಾಲ್ಕನೆಯ ಓಣಿಯವರು ಮೂಗು ಮುರಿದರು. ಕನ್ನಡಕ ಹಾಕಿಕೊಂಡವರನ್ನು ಅದನ್ನು ಯಾವಾಗ ಬಿಡುತ್ತೀಯೋ ಎಂದು ಯಾರಾದರೂ ಕೇಳುತ್ತಾರೆಯೇ ಎಂದು ನಾನು ಕೇಳಿದ ಮೇಲೆ ಮೂಗು ನೆಟ್ಟಗಾಯಿತು. ಅಂದಾನಿಗೆ ಈಗ ಹಸಿವಾಗುತ್ತದೆ. ಹುಳುಕಾದ ಹಲ್ಲು ಕೀಳಿಸಿ ಹೊಸವು ಕೂರಿಸಿದ್ದಾರೆ. ಹೆಂಡತಿ ಬಂದು ನೋಡಿಕೊಂಡು ಹೋಗಿದ್ದಾಳೆ, ಉಳಿಯಲಿಲ್ಲ, ಆದರೆ ಹೋಗುವಾಗ ತಿರುಗಿ ನೋಡಿದಳು. ಕೆಲವು ದಿನ ಅವನು ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಾನೆ, ಆಗ ನನ್ನ ಜೀವ ಕೈಯಲ್ಲಿರುತ್ತದೆ. ಫಕೀರಪ್ಪ ಕಾಕಾ ದಿನಾ ಬೆಳಿಗ್ಗೆ ಕಟ್ಟೆಗೆ ಬಂದು "ಬಿಚ್ಚಿದೇನಪಾ?" ಎಂದು ಕೇಳುತ್ತಾನೆ. "ಇನ್ನೂ ಇಲ್ಲ ಕಾಕಾ" ಎಂದು ಇವನು ಹೇಳುತ್ತಾನೆ. ಸರಿ ಎಂದು ಕಾಕಾ ಹಗ್ಗದ ಉಂಡೆ ತೆಗೆದು ಕೂರುತ್ತಾನೆ. ಇಡೀ ವರ್ಷ ಹೀಗೇ ನಡೆದಿದೆ.

ಈಚೆಗೆ ಅಂದಾನಿ ಬೆಳಿಗ್ಗೆ ಒಲೆಮನೆಗೆ ಬಂದು ನನ್ನ ಜೊತೆ ಬೆಳ್ಳುಳ್ಳಿ ಸುಲಿಯುತ್ತಾನೆ. ನಿನ್ನೆ ರೊಟ್ಟಿ ಹರವುತ್ತಿದ್ದಾಗ ಅವನ ಬೆರಳಿಗೆ ಚಿಲಕ ತಾಕಿತು. ಹುಟ್ಟಿದಾಗಿನಿಂದ ನೋಡಿದ ಹಲಗೆಯೇ, ಆದರೂ ಹೊಸದಾಗಿ ನೋಡಿದವನಂತೆ "ಅಕ್ಕಾ, ಇದು ಹೊರಗಿನ ಮಗ್ಗುಲಿಗೆ ಯಾಕೈತಿ?" ಎಂದು ಕೇಳಿದ. ಚಿಕ್ಕವನಿದ್ದಾಗ ನಮ್ಮವ್ವ ಅವನಿಗೆ ಅರ್ಧ ಕಥೆ ಹೇಳಿದ್ದಳು. ನಾನು ಪೂರ್ತಿ ಹೇಳಿದೆ.

ಕಳಕಪ್ಪ ತಾನೇ ನಿನ್ನ ಹತ್ತಿರ ಬಂದು, ಅಕ್ಕಾ ನನ್ನ ಒಳಗ ಹಾಕು, ನಾ ಎಷ್ಟ ಕೂಗಿದ್ರೂ ತಗೀಬ್ಯಾಡ ಎಂದು ಆಣೆ ಮಾಡಿಸಿಕೊಂಡನಂತೆ. ಓಣಿಯವರು ಕಂಡರೆ ಮಾನ ಹೋಗುತ್ತದೆಂದು ನೀವಿಬ್ಬರೂ ಯಾರಿಗೂ ಹೇಳಲಿಲ್ಲ. ಚಿಲಕ ಬಡಿಸಿದ್ದೂ ಅದಕ್ಕೇ. ಒಳಗೆ ನೀರು, ರೊಟ್ಟಿ, ಹಾಸಿಗೆ ಇಟ್ಟೆ. ಮೊದಲು ಕೈ ನಡುಗುತ್ತದೆ ಎಂದನಂತೆ. ಆಮೇಲೆ ಗೋಡೆಯ ಮೇಲೆ ಹುಳು ಹರಿಯುತ್ತವೆ, ಸತ್ತ ಅಪ್ಪ ಮೂಲೆಯಲ್ಲಿ ಕೂತಿದ್ದಾನೆ ಎಂದು ಕೂಗಿದನಂತೆ. ನೀನು ಬಾಗಿಲಿಗೆ ಬೆನ್ನು ಕೊಟ್ಟು ಈಚೆ ಕೂತು ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದೆಯಂತೆ. ಮಾತು ಕೊಟ್ಟಿದ್ದೆ, ತೆಗೆಯಲಿಲ್ಲ. ಆಮೇಲೆ ಸದ್ದು ನಿಂತಿತು. ನಿದ್ದೆ ಹತ್ತಿತು, ಪುಣ್ಯಾತ್ಮ ಗೆದ್ದ ಎಂದು ನೀನು ಅನ್ನಕ್ಕೆ ಇಟ್ಟೆಯಂತೆ. ಬಾಗಿಲು ತೆಗೆದಾಗ ಅವನು ತಣ್ಣಗಾಗಿದ್ದ. ಎದೆ ನಿಂತು ಸತ್ತ ಎಂದು ಊರಿಗೆ ಹೇಳಿದೆ, ನಿಜವನ್ನು ಮುಂದೆ ಮಗಳಿಗಷ್ಟೇ ಹೇಳಿದೆಯಂತೆ. ನಾನು ಇದನ್ನು ಡಾಕ್ಟರ್ ಇರಾವತಿಗೆ ಹೇಳಿದ್ದೆ. ತಂಪಿನ ಇಳಿವು ಸತ್ತೇ ಹೋದೆ ಎನ್ನಿಸುವಷ್ಟು ಹಿಂಸೆ ಕೊಡುತ್ತದೆ, ಆದರೆ ನೋಡಿಕೊಳ್ಳುವವರಿದ್ದರೆ ಬಹಳಮಟ್ಟಿಗೆ ದಾಟಬಹುದು. ವರ್ಷಗಟ್ಟಲೆ ವಿಪರೀತ ಕುಡಿದವರು ಮದ್ದಿಲ್ಲದೆ ಒಮ್ಮೆಲೇ ನಿಲ್ಲಿಸಿದರೆ ನಡುಕ ಏರಿ, ಇಲ್ಲದ್ದು ಕಂಡು, ಫಿಟ್ಸ್ ಬಂದು ಜೀವವೇ ಹೋಗಬಹುದು, ಅಂಥವರನ್ನು ಆಸ್ಪತ್ರೆಯಲ್ಲಿಟ್ಟು ಮದ್ದು ಕೊಟ್ಟು ಇಳಿಸಬೇಕು ಎಂದರು. ನಿಮ್ಮ ಕಾಲದಲ್ಲೂ ಆ ಮದ್ದು ಇತ್ತಂತೆ. ಹತ್ತಿರದ ಊರಿನಲ್ಲೇ ಇತ್ತಂತೆ.

ಅಂದಾನಿ ಚಿಲಕವನ್ನು ಹಿಂದೆ ಮುಂದೆ ಎಳೆದು ನೋಡಿದ. ಆಮೇಲೆ "ಆಕಿಗೆ ಬರಿ ಅಕ್ಕಾ" ಎಂದ. "ಅಂವಾ ಕೂಗಿದ್ದು ಕುಡಿಯೋ ಶೆರೇಕ್ಕಲ್ಲ, ಮನಷ್ಯಾರಿಗೆ ಅಂತ ಬರಿ. ಆಣಿ ಹಾಕಿದಾಂವ ಬ್ಯಾರೆ, ಒಳಗ ಕೂಗಾಂವ ಬ್ಯಾರೆ, ಕೂಗಾಂವನ ಮಾತು ಕೇಳು ಅಂತ ಬರಿ. ಇಳದು ಬಂದಾಂವ ಒಬ್ಬ ಹೇಳ್ಯಾನ ಅಂತನೂ ಬರಿ." ಹೇಳಿ ಮತ್ತೆ ಬೆಳ್ಳುಳ್ಳಿಗೆ ಕೈ ಹಾಕಿದ. ಅವನು ತನ್ನನ್ನು ಇಳಿದು ಬಂದವನು ಎಂದು ಕರೆದುಕೊಂಡದ್ದು ಅದೇ ಮೊದಲು. ನಾನು ಚಪ್ಪಾಳೆ ತಟ್ಟಲಿಲ್ಲ. ಬುದ್ಧಿ ಬಂದಿದೆ ನನಗೆ.

ಅದಕ್ಕೆ ಬರೆಯುತ್ತಿದ್ದೇನೆ, ಅವ್ವ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ತಮ್ಮ ಉಳಿಯಲೆಂದೇ ಚಿಲಕ ಹಾಕಿದೆ, ಮಾತಿಗೆ ತಪ್ಪಬಾರದೆಂದೇ ತೆಗೆಯಲಿಲ್ಲ. ನಾವು ಓಣಿಗೆ ಓಣಿಯೇ ಸೇರಿ ಹೋಳಿಗೆ ತಿಂದು ಮಾಡಿದ ತಪ್ಪನ್ನು ನೀನು ಒಬ್ಬಳೇ ಅಳುತ್ತ ಮಾಡಿದೆ, ವ್ಯತ್ಯಾಸ ಅಷ್ಟೇ. ನನಗೆ ಹುಸೇನಬಿ ಇದ್ದಳು, ನಿನಗೆ ಯಾರೂ ಇರಲಿಲ್ಲ. ಆದ್ದರಿಂದ ಕೈ ಮುಗಿದು ಕೇಳುತ್ತೇನೆ. ಕಳಕಪ್ಪ ಬಂದು ಆಣೆ ಕೇಳಿದರೆ ಕೊಡಬೇಡ. ಕೊಟ್ಟಿದ್ದರೆ ಮುರಿ, ಆ ಪಾಪ ನನಗಿರಲಿ. ಡಾಕ್ಟರಲ್ಲಿಗೆ ಕರೆದುಕೊಂಡು ಹೋಗು, ಇಷ್ಟು ಕುಡಿಯುತ್ತಾನೆ ಎಂದು ಮುಚ್ಚುಮರೆಯಿಲ್ಲದೆ ಹೇಳು. ಮಂಚವನ್ನು ಹೊರಗಿನ ಕಟ್ಟೆಗೆ ತರುವ ಧೈರ್ಯ ಇಲ್ಲದಿದ್ದರೆ ಪರವಾಗಿಲ್ಲ, ಒಬ್ಬಳೇ ಒಬ್ಬಳು ನೆರೆಯವಳಿಗಾದರೂ ಹೇಳು. ಬಾಯಿ ದೊಡ್ಡದಿರುವವಳಾದರೆ ಇನ್ನೂ ಒಳ್ಳೆಯದು. ಅವನು ಗುಣವಾಗಿ ನಕ್ಕ ದಿನ ಹಗ್ಗ ಬಿಡಬೇಡ. ಮತ್ತೆ ಕುಡಿದು ಬಂದ ದಿನವೂ ಬಿಡಬೇಡ.

ಸಂಜೆಯಾಗುತ್ತಿದೆ. ಇದನ್ನು ಮೊದಲ ಕಂಬದ ಹತ್ತಿರ ನಾನು ಓದುವುದಿಲ್ಲ, ಅಂದಾನಿ ಓದುತ್ತೇನೆ ಎಂದಿದ್ದಾನೆ. ಫಕೀರಪ್ಪ ಕಾಕಾ ಅವನ ಜೊತೆ ಹೊರಟು ನಿಂತಿದ್ದಾನೆ, ಹೆಗಲ ಮೇಲೆ ಹಗ್ಗ ಯಾಕೆ ಎಂದು ಕೇಳಿದರೆ ಸುಮ್ಮನೆ ಇರಲಿ ಎನ್ನುತ್ತಾನೆ.

ನಾಳೆ ಬೆಳಿಗ್ಗೆ ನಾನು ಎಂದಿನಂತೆ ಒಲೆ ಹಚ್ಚಿ ರೊಟ್ಟಿ ಬಡಿಯುತ್ತೇನೆ. ಹರವುವ ಮುಂಚೆ ಕಣ್ಣು ಮುಚ್ಚಿ ನಿನ್ನ ಬಾಗಿಲ ಮೇಲೆ ಕೈಯಾಡಿಸುತ್ತೇನೆ. ಬೆರಳಿಗೆ ಚಿಲಕ ತಾಕಿದರೆ ಕಾಗದ ನಿನಗೆ ತಲುಪಲಿಲ್ಲ ಎಂದು ತಿಳಿದು ಬರುವ ಮೌನಮಾಸಕ್ಕೆ ಮತ್ತೆ ಬರೆಯುತ್ತೇನೆ. ತಾಕದಿದ್ದರೆ, ನೀನು ಅದನ್ನು ಬಡಿಸಲೇ ಇಲ್ಲವೆಂದು ತಿಳಿದು, ಅವ್ವ, ಎಲ್ಲೂ ಜಾಗ ಬಿಡದೆ ಹಲಗೆಯ ತುಂಬ ರೊಟ್ಟಿ ಹರವುತ್ತೇನೆ.